ಹಳೆ ಸ್ಪೋರ್ಟ್ಸ್ ಕಾರಿಗೆ ಬೇರೆ ಚಕ್ರ, ಸ್ಪೇಸರ್: ಕರಾವಳಿಯಲ್ಲಿ ಹಾಕುವವರಿಗೆ

ಕಾರವಾರದಿಂದ ಭಟ್ಕಳದವರೆಗೆ ಯಾರ ಶೆಡ್ಡಿನಲ್ಲಾದರೂ ಹಳೆಯ ಎರಡು ಸೀಟಿನ ಕಾರು ನಿಂತಿದ್ದರೆ, ಅದರ ಚಕ್ರದ ಕಥೆ ಹೆಚ್ಚುಕಡಿಮೆ ಒಂದೇ. ಮೂಲ ಅಲಾಯ್ ಚಕ್ರ ಹೊಂಡಕ್ಕೆ ಬಿದ್ದು ಬೆಂಡಾಗಿರುತ್ತದೆ. ಇಲ್ಲವೇ ಉಪ್ಪುಗಾಳಿ ತಿಂದು ಒಳಗಿನ ಅಂಚಿನಿಂದ ಬಿಳಿ ಪುಡಿ ಉದುರುತ್ತಿರುತ್ತದೆ. ಅದೇ ಚಕ್ರ ಹೊಸದಾಗಿ ಸಿಗುವುದು ಕಷ್ಟ. ಆಗ ಮಡಗಾಂವಿನಲ್ಲೋ ಹುಬ್ಬಳ್ಳಿಯಲ್ಲೋ ಬೇರೆ ಸೆಟ್ ಹುಡುಕುತ್ತೇವೆ. ತಂದು ಹಾಕಿದರೆ ಒಳಗೆ ಎಲ್ಲೋ ತಾಗುತ್ತದೆ. ಅಂಗಡಿಯವರು ‘ಒಂದು ಸ್ಪೇಸರ್ ಹಾಕಿದ್ರೆ ಆಯ್ತು ಮಾರಾಯ್ರೆ’ ಅನ್ನುತ್ತಾರೆ. ಸ್ಪೇಸರ್ ಅಂದರೆ ಚಕ್ರಕ್ಕೂ ಹಬ್‌ಗೂ (ಚಕ್ರವನ್ನು ಬೋಲ್ಟಿನಿಂದ ಬಿಗಿಯುವ ಕಾರಿನ ಭಾಗ) ನಡುವೆ ಇಡುವ ಲೋಹದ ಬಿಲ್ಲೆ.

ಹಾಕಬಹುದು. ಆದರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಸ್ಪೇಸರ್ ಇಲ್ಲದೆ ಕೂರುವ ಚಕ್ರ ಸಿಗುವವರೆಗೂ ಕಾಯುವುದು ಒಳ್ಳೆಯದು. ಹಬ್ ಕಬ್ಬಿಣದ್ದು, ಚಕ್ರ ಅಲ್ಯೂಮಿನಿಯಂ. ಇವೆರಡರ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕೊರೆಯುತ್ತಾ ಹೋಗುತ್ತದೆ, ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಡುವೆ ಸ್ಪೇಸರ್ ಬಂದರೆ ನೀರು ನುಗ್ಗುವ ಸಂದು ಒಂದಿದ್ದದ್ದು ಎರಡಾಗುತ್ತದೆ. ಬೆಂಗಳೂರಿನಲ್ಲಿ ಹಾಕಿ ಮರೆತುಬಿಡಬಹುದು, ಕಾರವಾರದ ಕಡಲಂಚಿನ ಬೈತಖೋಲ್ ಹತ್ತಿರ ಮನೆ ಇರುವವರು ಮರೆಯುವ ಹಾಗಿಲ್ಲ. ಬೇರೆ ಚಕ್ರ ಮೂಲ ಜಾಗಕ್ಕಿಂತ ಒಳಕ್ಕೆ ಸರಿದು ಕೂತಾಗ ಆ ಕೊರತೆ ತುಂಬಲು ಮಾತ್ರ ಸ್ಪೇಸರ್ ಹಾಕಿ. ಟಯರ್ ಮಡ್‌ಗಾರ್ಡಿನ ಅಂಚಿಗೆ ಬಂದು ‘ಲುಕ್’ ಬರಲಿ ಅಂತ ಹಾಕಬೇಡಿ.

ಉದಾಹರಣೆಗೆ ಒಂದೇ ಕಾರನ್ನು ಇಟ್ಟುಕೊಳ್ಳೋಣ: ಮರ್ಸಿಡಿಸ್ ಎಸ್‌ಎಲ್‌ಕೆ, 1996ರಿಂದ 2004ರವರೆಗೆ ಬಂದ ಮೊದಲ ತಲೆಮಾರು, ಆರ್170 ಅನ್ನುವುದು. ಇಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ. ನಿಮ್ಮ ಕಾರು ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಕೆಲಸದ ಕ್ರಮ ಇದೇ.

ಮೊದಲು ಅಳತೆ, ಆಮೇಲೆ ದುಡ್ಡು

ಚಕ್ರ ನೋಡಲು ಹೋಗುವ ಮುಂಚೆ ಐದು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ: ಪಿಸಿಡಿ, ನಡುವಿನ ತೂತಿನ ಅಳತೆ, ಅಗಲ, ಆಫ್‌ಸೆಟ್, ಬೋಲ್ಟಿನ ಜಾತಿ. ಈ ಕಾರಿಗೆ ಪಿಸಿಡಿ 5x112, ಅಂದರೆ ಐದು ಬೋಲ್ಟುಗಳು 112 ಎಂಎಂ ವ್ಯಾಸದ ವೃತ್ತದ ಮೇಲೆ ಕೂರುತ್ತವೆ. ನಡುವಿನ ತೂತು 66.6 ಎಂಎಂ. ಮೂಲ ಚಕ್ರ ಮುಂದೆ 16 ಇಂಚು ವ್ಯಾಸ, 7ಜೆ (7 ಇಂಚು ಅಗಲ) ಇಟಿ37, ಟಯರ್ 205/55 (205 ಎಂಎಂ ಅಗಲ, ಪಕ್ಕದ ಗೋಡೆ ಅದರ ಶೇ. 55). ಹಿಂದೆ 8ಜೆ ಇಟಿ30, ಟಯರ್ 225/50.

ಪಿಸಿಡಿಯಲ್ಲಿ ಜನ ಜಾಸ್ತಿ ಎಡವುತ್ತಾರೆ. ಹಳೆ ಚಕ್ರಗಳ ರಾಶಿಯಲ್ಲಿ ಜಪಾನಿ ಕಾರುಗಳ 5x114.3 ಸಾಕಷ್ಟು ಇರುತ್ತವೆ. 112ಕ್ಕೂ 114.3ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಕ್ಕಪಕ್ಕದ ಎರಡು ತೂತುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಅಳೆದರೆ 112ರಲ್ಲಿ 65.8 ಎಂಎಂ ಬರಬೇಕು, 114.3ರಲ್ಲಿ 67.2. ಟೇಪಿನಲ್ಲಿ ಇದು ಸಿಗುವುದಿಲ್ಲ, ವರ್ನಿಯರ್ ಬೇಕು. ತಮಾಷೆ ಏನೆಂದರೆ ತಪ್ಪು ಚಕ್ರಕ್ಕೂ ಬೋಲ್ಟುಗಳು ಹೋಗಿಬಿಡುತ್ತವೆ. ಪ್ರತಿ ತೂತೂ ಒಂದು ಎಂಎಂಗಿಂತ ಸ್ವಲ್ಪ ಹೆಚ್ಚು ಆಚೆಗಿರುತ್ತದೆ. ಬೋಲ್ಟು ಓರೆಯಾಗಿ ಕುಳಿತು, ಒಂದೇ ಪಕ್ಕಕ್ಕೆ ಭಾರ ಹೊತ್ತು, ಒಂದು ದಿನ ಸಡಿಲಾಗುತ್ತದೆ ಇಲ್ಲವೇ ಮುರಿಯುತ್ತದೆ. ‘ಹತ್ತಿತಲ್ಲ ಸಾರ್’ ಅಂದರೆ ಒಪ್ಪಬೇಡಿ.

ಇಟಿ ಅನ್ನುವುದು ಆಫ್‌ಸೆಟ್. ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಎಂಎಂ ಹೊರಗಿದೆ ಅನ್ನುವ ಲೆಕ್ಕ. ಇಟಿ ಅಂಕಿ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ. ಸಾಮಾನ್ಯವಾಗಿ ಚಕ್ರದ ಕಡ್ಡಿಯ (ಸ್ಪೋಕಿನ) ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರೆ. ಮಣ್ಣು ಕೆರೆದು ನೋಡಿ.

ಈಗ ಲೆಕ್ಕ ಮಾಡೋಣ. ನಿಮಗೆ ಸಿಕ್ಕಿದ್ದು ಹಿಂದಿನ ಚಕ್ರಕ್ಕೆ 8ಜೆ ಇಟಿ45 ಅಂತ ಇಟ್ಟುಕೊಳ್ಳಿ. ಬೇಕಾದದ್ದು ಇಟಿ30. ಚಕ್ರ 15 ಎಂಎಂ ಒಳಕ್ಕೆ ಹೋಗುತ್ತದೆ. 15 ಎಂಎಂ ಸ್ಪೇಸರ್ ಹಾಕಿದರೆ ಮತ್ತೆ ಮೂಲ ಜಾಗಕ್ಕೇ ಬರುತ್ತದೆ. ಬೇರಿಂಗಿಗೂ ಜಾಸ್ತಿ ಹೊರೆ ಇಲ್ಲ. ನಾನು ಒಪ್ಪುವ ಸ್ಪೇಸರ್ ಇದು.

ಅಗಲವೂ ಬದಲಾದರೆ ಎರಡು ಲೆಕ್ಕ ಸೇರಿಸಬೇಕು. ಮುಂದೆ 7ಜೆ ಇಟಿ37 ಬದಲು 7.5ಜೆ ಇಟಿ35 ಹಾಕಿದಿರಿ. ಅರ್ಧ ಇಂಚು ಅಗಲ ಅಂದರೆ 12.7 ಎಂಎಂ, ಎರಡೂ ಬದಿಗೆ 6.35 ಹಂಚಿಹೋಗುತ್ತದೆ. ಆಫ್‌ಸೆಟ್ 2 ಎಂಎಂ ಹೊರಕ್ಕೆ ತರುತ್ತದೆ. ಹೊರಗಿನ ಅಂಚು 8.35 ಎಂಎಂ ಆಚೆ ಬರುತ್ತದೆ, ಒಳಗಿನ ಅಂಚು 4.35 ಎಂಎಂ ಒಳಗೆ ಹೋಗುತ್ತದೆ. ಇದಕ್ಕೆ ಸ್ಪೇಸರ್ ಬೇಡವೇ ಬೇಡ.

ಟಯರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 205/55 ಆರ್16ರ ಒಟ್ಟು ವ್ಯಾಸ ಸುಮಾರು 632 ಎಂಎಂ. 225/45 ಆರ್17 ಹಾಕಿದರೆ 634, ಸ್ಪೀಡೋಮೀಟರ್ ಹೆಚ್ಚು ಹಾಳಾಗುವುದಿಲ್ಲ. ಆದರೆ ಪಕ್ಕದ ರಬ್ಬರ್ ಗೋಡೆ 113ರಿಂದ 101 ಎಂಎಂಗೆ ಇಳಿಯುತ್ತದೆ. ಜುಲೈ ತಿಂಗಳಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುವವರಿಗೆ ಆ 12 ಎಂಎಂ ಬೆಲೆ ಗೊತ್ತು. ನಾನಾದರೆ 16ರಲ್ಲೇ ಇರುತ್ತೇನೆ.

ಹಳೆ ಚಕ್ರ ಕೊಳ್ಳುವಾಗ

ಹೊರಗಿನ ಹೊಳಪು ನೋಡಬೇಡಿ. ಚಕ್ರ ಮಗುಚಿ ಹಾಕಿ ಒಳಗಿನ ಅಂಚು ನೋಡಿ, ಹೊಂಡದ ಪೆಟ್ಟು ಬೀಳುವುದು ಅಲ್ಲಿಗೇ. ಟಯರ್ ಬಿಚ್ಚಿಸಿಯೇ ಕೊಳ್ಳಬೇಕು. ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಕೂದಲೆಳೆಯ ಬಿರುಕೂ ಕಾಣುತ್ತದೆ. ವೆಲ್ಡ್ ಮಾಡಿದ ಚಕ್ರ ಬೇಡ, ಎಷ್ಟೇ ಚೆನ್ನಾಗಿ ಉಜ್ಜಿದ್ದರೂ. ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿಸಿ ತಿರುಗಿಸಿದರೆ ಬೆಂಡು ಇದ್ದರೆ ಅಂಚು ಅಲೆಯಂತೆ ಕುಣಿಯುತ್ತದೆ.

ಹೊಸದಾಗಿ ಪೌಡರ್ ಕೋಟ್ ಮಾಡಿದ ಚಕ್ರವಾದರೆ ಇನ್ನೊಂದು ಕಡೆ ಕಣ್ಣು ಹಾಯಿಸಿ: ಹಬ್‌ಗೆ ಕೂರುವ ಮುಖ, ಬೋಲ್ಟ್ ಕೂರುವ ಕುಳಿ. ಅಲ್ಲೂ ಬಣ್ಣ ಬಳಿದಿದ್ದರೆ ತೆಗೆಸಬೇಕು. ಬಿಗಿ ಮಾಡಿದಾಗ ಬಣ್ಣದ ಪದರ ನಿಧಾನಕ್ಕೆ ಜಜ್ಜಿಹೋಗುತ್ತದೆ. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಬೋಲ್ಟು ಸಡಿಲ.

ನಡುವಿನ ತೂತು ದೊಡ್ಡದಿದ್ದರೆ, ಉದಾಹರಣೆಗೆ 73.1 ಇದ್ದರೆ, 73.1ರಿಂದ 66.6ಕ್ಕೆ ಇಳಿಸುವ ರಿಂಗ್ ಹಾಕಿಸಿ. ಚಕ್ರ ನಡುವಿಗೆ ಕೂರುವುದು ಹಬ್ಬಿನ ನಡುವೆ ಉಬ್ಬಿದ ಕಂಠದ ಮೇಲೆ. ರಿಂಗ್ ಇಲ್ಲದಿದ್ದರೆ 80 ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ, ನೀವು ಸುಮ್ನೆ ಬ್ಯಾಲೆನ್ಸಿಂಗಿಗೆ ದುಡ್ಡು ಸುರಿಯುತ್ತೀರಿ. ಈ ರಿಂಗನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದರೂ ನಡೆಯುತ್ತದೆ. ಕರಾವಳಿಯವರು ಗಟ್ಟಿ ಪ್ಲಾಸ್ಟಿಕ್ ರಿಂಗ್ ಹಾಕಿದರೆ ಇನ್ನೂ ಒಳ್ಳೆಯದು, ಅದು ಹಬ್‌ಗೆ ಕಚ್ಚಿಕೊಳ್ಳುವುದಿಲ್ಲ.

ಸ್ಪೇಸರ್ ಮಾತ್ರ ಲೇತ್ ಅಂಗಡಿಯಲ್ಲಿ ಬೇಡ. ನಮ್ಮ ಟರ್ನರ್‌ಗಳ ಕೈ ಬಗ್ಗೆ ನನಗೆ ಅನುಮಾನವೇ ಇಲ್ಲ, ದೋಣಿಯ ಶಾಫ್ಟ್ ತಿರುಗಿಸುವವರು ಅವರು. ತೊಂದರೆ ಇರುವುದು ಸಾಮಾನಿನಲ್ಲಿ. ಆ ಅಲ್ಯೂಮಿನಿಯಂ ಗಟ್ಟಿ ಯಾವ ಜಾತಿಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಂಪನಿಯ ಸ್ಪೇಸರನ್ನೂ ನಾಲ್ಕು ಕಡೆ ವರ್ನಿಯರ್ ಇಟ್ಟು ದಪ್ಪ ಅಳೆಯಿರಿ. ಎಲ್ಲ ಕಡೆ ಒಂದೇ ಬರಬೇಕು. ಸ್ಪೇಸರಿನ ಒಳತೂತು 66.6, ಹೊರಮುಖದಲ್ಲಿ ಅದೇ 66.6ರ ಕಂಠ ಇರಬೇಕು. 3 ಅಥವಾ 5 ಎಂಎಂನ ತೆಳು ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಈ ಕಂಠ ಇರುವುದಿಲ್ಲ. ಅವು ಹಬ್ಬಿನ ಕಂಠವನ್ನೂ ಅಷ್ಟು ನುಂಗಿಬಿಡುತ್ತವೆ. ಎರಡು ಸ್ಪೇಸರ್ ಒಂದರ ಮೇಲೊಂದು ಹಾಕುವ ಮಾತೇ ಇಲ್ಲ.

ಜಾಗ ಇದೆಯಾ

ಹಳೆ ಚಕ್ರ ಹಾಕಿರುವಾಗಲೇ ಅಳೆಯಿರಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮಡ್‌ಗಾರ್ಡಿನ ಅಂಚಿನಿಂದ ಗಾರೆಯವರ ತೂಕದ ಗುಂಡು ಇಳಿಬಿಡಿ. ದಾರಕ್ಕೂ ಟಯರಿಗೂ ಎಷ್ಟು ಎಂಎಂ ಸಂದಿದೆ ಅಂತ ಬರೆದುಕೊಳ್ಳಿ. ಆಮೇಲೆ ಒಳಗೆ ಟಾರ್ಚ್ ಬಿಟ್ಟು ಟಯರಿಗೂ ಸಸ್ಪೆನ್ಷನ್ ತೋಳಿಗೂ, ಟೈ ರಾಡಿಗೂ, ಬ್ರೇಕ್ ಪೈಪಿಗೂ ಇರುವ ಸಂದು ನೋಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಬಲಕ್ಕೆ ಒಮ್ಮೆ.

ಹೊಸ ಚಕ್ರಕ್ಕೂ ಬ್ರೇಕ್ ಕ್ಯಾಲಿಪರಿಗೂ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಎಷ್ಟು ಸಂದಿದೆ ಅಂತ ನೋಡಲು ಚಪಾತಿ ಹಿಟ್ಟು ಸಾಕು. ಗಟ್ಟಿಯಾಗಿ ಕಲಸಿ, ಸುಣ್ಣದ ಡಬ್ಬಿಯಷ್ಟು ಉಂಡೆ ಮಾಡಿ ಕ್ಯಾಲಿಪರಿನ ಉಬ್ಬಿದ ಭಾಗಕ್ಕೆ ಅಂಟಿಸಿ. ಟಯರಿಲ್ಲದ ಚಕ್ರ ಹಾಕಿ, ಎರಡು ಬೋಲ್ಟ್ ಕೈಯಲ್ಲೇ ಬಿಗಿದು, ಒಂದು ಸುತ್ತು ತಿರುಗಿಸಿ ತೆಗೆಯಿರಿ. ಹಿಟ್ಟು ಒತ್ತಿಹೋಗಿ ಅತಿ ತೆಳುವಾದಲ್ಲಿ ಕಡ್ಡಿ ಚುಚ್ಚಿ ಅಳೆದರೆ ಅದೇ ನಿಮ್ಮ ಸಂದು. 3 ಎಂಎಂಗಿಂತ ಕಡಿಮೆ ಇದ್ದರೆ ಆ ಚಕ್ರ ಬೇಡ. ಬ್ರೇಕ್ ಬಿಸಿಯಾಗುತ್ತದೆ, ಬೇರಿಂಗಿನಲ್ಲಿ ಸ್ವಲ್ಪ ಆಟ ಇರುತ್ತದೆ, ಕೆಂಪು ಮಣ್ಣಿನ ಸಣ್ಣ ಕಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಟ್ಟು ತೆಗೆಯುವುದು ಮರೆಯಬೇಡಿ, ಶೆಡ್ಡಿಗೆ ಇಲಿ ಬರುತ್ತದೆ.

ಬೋಲ್ಟ್ ವಿಷಯದಲ್ಲಿ ಅವಸರ ಬೇಡ

ಇಡೀ ಕೆಲಸದಲ್ಲಿ ಜೀವಕ್ಕೆ ಸಂಬಂಧಿಸಿದ್ದು ಇದು. ಈ ಕಾರಿನ ಬೋಲ್ಟ್ ಎಂ12 (12 ಎಂಎಂ ದಪ್ಪ), 1.5 ಪಿಚ್ (ಒಂದು ಹುರಿಯಿಂದ ಇನ್ನೊಂದಕ್ಕೆ 1.5 ಎಂಎಂ), ತಲೆಗೆ 17ರ ಪಾನ. ಬೋಲ್ಟಿನ ಕುತ್ತಿಗೆ ಗುಂಡಗೆ, ಚೆಂಡಿನ ಆಕಾರ. ಮಾರುಕಟ್ಟೆಯ ಬಹಳಷ್ಟು ಅಲಾಯ್‌ಗಳ ಕುಳಿ ಮಾತ್ರ 60 ಡಿಗ್ರಿಯ ಇಳಿಜಾರು ಶಂಕು. ಎರಡನ್ನು ಬೆರೆಸಿದರೆ ಬೋಲ್ಟು ಕುಳಿಯನ್ನು ಒಂದು ತೆಳು ಗೆರೆಯಲ್ಲಿ ಮಾತ್ರ ಮುಟ್ಟುತ್ತದೆ. ಅನುಮಾನವಿದ್ದರೆ ಬೋಲ್ಟಿನ ಕುತ್ತಿಗೆಗೆ ನೀಲಿ ಮಾರ್ಕರ್ ಬಳಿದು, ಚಕ್ರದ ಕುಳಿಯಲ್ಲಿ ಇಟ್ಟು, ಒತ್ತಿ ತಿರುಗಿಸಿ. ಅಗಲವಾದ ಪಟ್ಟಿಯಲ್ಲಿ ಬಣ್ಣ ಉಜ್ಜಿಹೋಗಿದ್ದರೆ ಜೋಡಿ ಸರಿ. ಉಗುರಿನಂಚಿನಷ್ಟು ತೆಳು ಉಂಗುರ ಮಾತ್ರ ಕಂಡರೆ ಬೋಲ್ಟ್ ಬದಲಿಸಿ.

ಇನ್ನು ಉದ್ದ. 15 ಎಂಎಂ ಸ್ಪೇಸರಿಗೆ ಹಳೆಯದಕ್ಕಿಂತ 15 ಎಂಎಂ ಹೆಚ್ಚು ಉದ್ದದ ಬೋಲ್ಟ್ ಅನ್ನುವುದು ಒರಟು ಲೆಕ್ಕ. ಹೊಸ ಚಕ್ರದ ದಪ್ಪವೂ ಬೇರೆ ಇರಬಹುದಲ್ವಾ? ಹಾಗಾಗಿ ಹೀಗೆ ಮಾಡಿ. ಹಳೆ ಚಕ್ರ ನೆಲದ ಮೇಲಿಟ್ಟು ಹಳೆ ಬೋಲ್ಟ್ ತೂರಿಸಿ. ಹಿಂಬದಿಯಲ್ಲಿ, ಹಬ್‌ಗೆ ಕೂರುವ ಮುಖದಿಂದ ಆಚೆ ಎಷ್ಟು ಎಂಎಂ ಹೊರಬಂದಿದೆ ಅಂತ ಅಳೆಯಿರಿ. ಈಗ ಹೊಸ ಚಕ್ರದ ಬೆನ್ನಿಗೆ ಸ್ಪೇಸರ್ ಇಟ್ಟು ಹೊಸ ಬೋಲ್ಟ್ ತೂರಿಸಿ, ಸ್ಪೇಸರಿನ ಮುಖದಿಂದ ಅಳೆಯಿರಿ. ಎರಡು ಅಂಕಿ ಒಂದೇ ಇರಬೇಕು. ಒಂದು ಎಂಎಂ ಆಚೀಚೆ ನಡೆಯುತ್ತದೆ.

ಗಿಡ್ಡವಾದರೆ ಹಿಡಿತ ಸಾಲದು. ಎಂ12 ಬೋಲ್ಟ್ ಕನಿಷ್ಠ 12 ಎಂಎಂ ಒಳಗೆ ಹೋಗಬೇಕು, 1.5 ಪಿಚ್‌ನಲ್ಲಿ ಅದು ಎಂಟು ಪೂರ್ತಿ ಸುತ್ತು. ಉದ್ದವಾದರೂ ಅಷ್ಟೇ ಕೆಟ್ಟದ್ದು. ಹಿಂದಿನ ಹಬ್ಬಿನ ಹಿಂದೆ ಪಾರ್ಕಿಂಗ್ ಬ್ರೇಕಿನ ಶೂ ಮತ್ತು ಸ್ಪ್ರಿಂಗ್ ಇವೆ. ಉದ್ದದ ಬೋಲ್ಟಿನ ತುದಿ ಅದಕ್ಕೆ ತಾಗಿದರೆ ಮೊದಲ ಸುತ್ತಿನಲ್ಲೇ ಕಿತ್ತುಹಾಕುತ್ತದೆ. ಬೋಲ್ಟ್ ಬಿಗಿದ ಮೇಲೆ ಗೇರ್ ನ್ಯೂಟ್ರಲ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಕಿವಿಗೊಡಿ. ಕಟಕಟ ಅಂದರೆ ನಿಲ್ಲಿಸಿ.

ನಟ್ ಇರುವ ಕಾರುಗಳಲ್ಲಿ, ಉದಾಹರಣೆಗೆ 1989ರ ಮೊದಲ ಮಾಜ್ಡಾ ಎಂಎಕ್ಸ್-5ರಲ್ಲಿ, ತೊಂದರೆ ಬೇರೆ. ಸ್ಟಡ್, ಅಂದರೆ ನಟ್ ಹತ್ತಿಸುವ ಹುರಿಯ ಕಡ್ಡಿ, ಹಬ್ಬಿನಲ್ಲೇ ಇರುತ್ತದೆ, ಸ್ಪೇಸರ್ ಹಾಕಿದಷ್ಟೂ ನಟ್ಟಿಗೆ ಸಿಗುವ ಹುರಿ ಕಡಿಮೆ. ಅಲ್ಲಿ ಉದ್ದದ ಸ್ಟಡ್ ಹಾಕಿಸಬೇಕು, ಅಥವಾ ಹಬ್‌ಗೆ ಬೋಲ್ಟಾಗಿ ತನ್ನದೇ ಸ್ಟಡ್ ಇರುವ ದಪ್ಪ ಸ್ಪೇಸರ್ ಬೇಕು. ಇನ್ನೊಂದು ಮಾತು: ಆ ಕಾರಿನ ಹುರಿ ಎಂ12, 1.5 ಪಿಚ್. ಮಾರುತಿಯದ್ದು 1.25. ಅಂಗಡಿಯ ಡಬ್ಬಿಯಲ್ಲಿ ಎರಡೂ ಬೆರೆತಿರುತ್ತವೆ, ನೋಡಲು ಒಂದೇ. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾದರೆ ಮುಂದೆ ತಿರುಗಿಸಬೇಡಿ, ಹುರಿ ಸವೆಯುತ್ತದೆ.

ಜೋಡಿಸುವುದು

ತೋಟದ ಮನೆಯ ಮಣ್ಣಿನ ಅಂಗಳದಲ್ಲಿ ಜಾಕಿ ಹೂಳುತ್ತದೆ. ಕೆಳಗೆ ದಪ್ಪ ಹಲಗೆ ಹಾಕಿ. ಚೀರೆಕಲ್ಲು ಪೇರಿಸಿ ಕಾರು ನಿಲ್ಲಿಸುವುದು ನಮ್ಮಲ್ಲಿ ರೂಢಿ, ಅದು ಬೇಡ. ಆ ಕಲ್ಲು ಒತ್ತಡಕ್ಕೆ ಒಮ್ಮೆಗೇ ಒಡೆಯುತ್ತದೆ. ಸ್ಟ್ಯಾಂಡ್ ತನ್ನಿ. ಕಾರಿನ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಾಕಿ ಕೊಡಿ, ಕೊಡುವ ಮುಂಚೆ ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಕರಾವಳಿಯ ಹಳೆ ಕಾರಿನಲ್ಲಿ ಬಣ್ಣದ ಕೆಳಗೆ ಬರೀ ತುಕ್ಕು ಇರುವುದುಂಟು.

ಬೋಲ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಚಕ್ರ ಹಬ್‌ಗೆ ಕಚ್ಚಿಕೊಂಡಿದ್ದರೆ ಒಂದು ಬೋಲ್ಟನ್ನು ಕೆಲವು ಹುರಿ ಹಿಡಿದಂತೆ ಬಿಟ್ಟು, ಟಯರಿನ ಪಕ್ಕಕ್ಕೆ ಮರದ ಕೊಡತಿಯಿಂದ ಮೇಲೆ ಕೆಳಗೆ ಹೊಡೆಯಿರಿ. ಕಾರಿನ ಕೆಳಗೆ ನುಗ್ಗಿ ಹೊಡೆಯಬೇಡಿ.

ಹಬ್ಬಿನ ಮುಖವನ್ನು ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ಡಿಸ್ಕನ್ನು ಹಿಡಿದಿರುವ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ಅದರ ತಲೆ ಮೇಲೆದ್ದಿದ್ದರೆ ಸ್ಪೇಸರ್ ಸಮ ಕೂರುವುದಿಲ್ಲ. ಸ್ಪೇಸರ್ ಇಟ್ಟು ಸುತ್ತಲೂ ಬ್ಲೇಡ್ ತೂರಿಸಲು ನೋಡಿ. ಎಲ್ಲೂ ಹೋಗಬಾರದು. ಕಂಠದ ಸುತ್ತ ಮಾತ್ರ ಬೆರಳಲ್ಲಿ ತೆಳ್ಳಗೆ ತಾಮ್ರದ ಗ್ರೀಸ್ ಸವರಿ. ಮುಖಕ್ಕೆ ಬೇಡ. ಈ ಕಾರಿನ ಬೋಲ್ಟ್ ಹುರಿಗೂ ಬೇಡ, ಬ್ರಷ್ ಹಾಕಿ ಒಣಗಿದ ಹಾಗೇ ಹಾಕಿ. ಹುರಿಗೆ ಎಣ್ಣೆ ಹಚ್ಚಿದರೆ ಅದೇ ಬಿಗಿತಕ್ಕೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ. ಪೋರ್ಷೆಯವರು ತಮ್ಮ ಬೋಲ್ಟಿಗೆ ಪೇಸ್ಟ್ ಹಚ್ಚಲು ಹೇಳುತ್ತಾರೆ, ಅದು ಅವರ ಲೆಕ್ಕ. ನಿಮ್ಮ ಕೈಪಿಡಿ ಹೇಳಿದ್ದನ್ನೇ ಮಾಡಿ.

ಐದೂ ಬೋಲ್ಟ್ ಬೆರಳಲ್ಲೇ ಕೊನೆತನಕ ಹೋಗಬೇಕು. ಆಮೇಲೆ ಪಾನದಲ್ಲಿ ಒಂದು ಬಿಟ್ಟು ಒಂದರಂತೆ, ನಕ್ಷತ್ರದ ಕ್ರಮದಲ್ಲಿ ಹದವಾಗಿ ಬಿಗಿಯಿರಿ. ಕಾರು ಇಳಿಸಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಮೊದಲು 60, ನಂತರ 110 ನ್ಯೂಟನ್ ಮೀಟರ್. ಇದು ಈ ಕಾರಿನ ಅಂಕಿ. ಪಾನದ ಮೇಲೆ ಹತ್ತಿ ನಿಂತು ಬಿಗಿಯುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಅರ್ಧ ಮೀಟರ್ ಉದ್ದದ ಪಾನಕ್ಕೆ 110 ಬರಲು ಸುಮಾರು 22 ಕಿಲೋ ಭಾರ ಸಾಕು. 70 ಕಿಲೋದವನು ಹತ್ತಿ ನಿಂತರೆ 340 ದಾಟುತ್ತದೆ, ಬೇಕಾದದ್ದರ ಮೂರು ಪಟ್ಟು. ಟಯರ್ ಅಂಗಡಿಯ ಗನ್ನೂ ಹೀಗೆಯೇ. ಅವರ ಹತ್ತಿರ ಮಾಡಿಸಿದರೆ ‘ಅಣ್ಣ, ಗನ್ ಬೇಡ, ಕೈಯಲ್ಲೇ ಬಿಗಿಯಿರಿ’ ಅಂತ ಮೊದಲೇ ಹೇಳಿ.

ಓಡಿಸಿ ನೋಡಿ

ಮೊದಲು ಮನೆಯ ಸುತ್ತ ನಿಧಾನಕ್ಕೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ. ಆಮೇಲೆ ಒಂದು ಹಂಪ್ ಹತ್ತಿಸಿ, ಇಬ್ಬರು ಕುಳಿತು. ಉಜ್ಜುವ ಸದ್ದು ಬಂದರೆ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಮೇಲೆ ಹೊಳಪಾದ ಗುರುತು ಬಿದ್ದಿರುತ್ತದೆ, ಹುಡುಕಿ. ಇದಾದ ಮೇಲೆ ಹೆದ್ದಾರಿಗೆ ಹೋಗಿ. ಕಾರವಾರದಿಂದ ಅಂಕೋಲಾಕ್ಕೆ ಹೋಗಿಬಂದರೆ ಸುಮಾರು 70 ಕಿಲೋಮೀಟರ್ ಆಗುತ್ತದೆ, ಪರೀಕ್ಷೆಗೆ ಸಾಕು. ಮನೆಗೆ ಬಂದು, ಚಕ್ರ ತಣ್ಣಗಾದ ಮೇಲೆ, ಮತ್ತೆ ಟಾರ್ಕ್ ವ್ರೆಂಚ್ ಇಡಿ. ಯಾವುದಾದರೂ ಬೋಲ್ಟ್ ಇನ್ನೂ ತಿರುಗಿದರೆ ಕಾರಣ ಹುಡುಕಬೇಕು: ಬಣ್ಣ, ತುಕ್ಕು, ಇಲ್ಲವೇ ಕುಳಿ ಹೊಂದಿಲ್ಲ. ಅಲೈನ್‌ಮೆಂಟನ್ನೂ ಈಗಲೇ ಮಾಡಿಸಿ. ಆ ಮೊದಲು ಅರಬೈಲ್ ಘಟ್ಟ ಇಳಿಯುವ ಸಾಹಸ ಬೇಡ.

ಕಾಗದದ ವಿಷಯ ಎರಡೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗಿ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಟಯರ್ ಮಡ್‌ಗಾರ್ಡಿನಿಂದ ಹೊರಗೆ ಇಣುಕಿದರೆ ಆರ್‌ಟಿಒದವರಿಗೂ ಕಾಣುತ್ತದೆ, ವಿಮೆಯ ಸರ್ವೇಯರಿಗೂ ಕಾಣುತ್ತದೆ. ವಿಮೆ ಕಂಪನಿಗೆ ಚಕ್ರ ಬದಲಿಸಿದ್ದನ್ನು ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ.

ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ

ಸ್ಪೇಸರ್ ಹಾಕಿದ ಮೇಲೆ ವರ್ಷಕ್ಕೆ ಎರಡು ಸಲ ಬಿಚ್ಚಬೇಕು, ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಬಿಳಿ ಪುಡಿ ಉಜ್ಜಿ, ಕಂಠಕ್ಕೆ ಗ್ರೀಸ್ ಸವರಿ, ಮತ್ತೆ 110ಕ್ಕೆ ಬಿಗಿದು, ಮತ್ತೆ 70-80 ಕಿಲೋಮೀಟರ್ ಆದ ಮೇಲೆ ನೋಡುವುದು. ಬೀಚ್ ಪಕ್ಕ ನಿಲ್ಲಿಸಿ ಬಂದ ದಿನ ಚಕ್ರದ ಹಿಂಬದಿಗೂ ಸಿಹಿನೀರು ಬಿಡಿ. ಮರಳಿಗೆ ಇಳಿಸಿದರಂತೂ ಬಿಡಲೇಬೇಕು.

ಕೊನೆಗೆ ಡಿಕ್ಕಿಯ ವಿಷಯ. ಸ್ಟೆಪ್ನಿ ಇನ್ನೂ ಮೂಲದ್ದೇ ಆಗಿದ್ದರೆ ಅದಕ್ಕೆ ಸ್ಪೇಸರಿನ ಉದ್ದ ಬೋಲ್ಟ್ ಹಾಕಲಾಗದು, ನೇರ ಬ್ರೇಕ್ ಶೂಗೆ ಹೋಗಿ ತಾಗುತ್ತದೆ. ಸ್ಟೆಪ್ನಿಗೆ ಕಂಪನಿ ಕೊಟ್ಟ ಐದು ಬೋಲ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, 17ರ ಪಾನದ ಜೊತೆಗೇ ಇಡಿ. ಮೇಲೆ ಚೀಟಿ ಅಂಟಿಸಿ: ‘ಸ್ಟೆಪ್ನಿಗೆ ಮಾತ್ರ, ಸ್ಪೇಸರ್ ತೆಗೆದು ಹಾಕುವುದು’. ರಾತ್ರಿ ಮಳೆಯಲ್ಲಿ ಪಂಚರ್ ಆದಾಗ ಚಕ್ರ ಬದಲಿಸುವವರು ನೀವೇ ಆಗಿರಬೇಕೆಂದೇನಿಲ್ಲ.